ರೈಲ್ವೆ ದುಡ್ಡು: ಯಾವ ಕೆಲಸಕ್ಕೆ ಯಾರ ಕಿಸೆ?

ನಮ್ಮ ಕಡೆ ರೈಲ್ವೆ ಬಗ್ಗೆ ಒಂದು ಮನವಿ ಬರೆಯೋಣ ಅಂತ ನಾಲ್ಕು ಜನ ಕೂತರೆ ಸಾಕು, ಹತ್ತು ನಿಮಿಷದಲ್ಲಿ ಪಟ್ಟಿ ಎರಡು ಪುಟ ದಾಟುತ್ತದೆ. ಗೇಟಿಗೆ ಮೇಲ್ಸೇತುವೆ ಬೇಕು, ಪ್ಲಾಟ್‌ಫಾರ್ಮಿಗೆ ಮಾಡು (ಚಾವಣಿ) ಬೇಕು, ಜೋಡಿ ಹಳಿ ಬೇಕು, ಹುಬ್ಬಳ್ಳಿ-ಅಂಕೋಲಾ ಮಾರ್ಗ ಬೇಕು, ಶಿರಸಿಗೆ ರೈಲು ಬೇಕು, ವಂದೇ ಭಾರತ್ ನಮ್ಮಲ್ಲೂ ನಿಲ್ಲಬೇಕು. ಎಲ್ಲ ಒಂದೇ ಕಾಗದದಲ್ಲಿ, ಒಂದೇ ವಿಳಾಸಕ್ಕೆ, ಕೆಳಗೆ ಎಪ್ಪತ್ತು ಸಹಿ. ಸಹಿ ಹಾಕಿದವರಲ್ಲಿ ಅರ್ಧ ಜನ ಓದಿರುವುದಿಲ್ಲ, ಅದು ಬೇರೆ ಮಾತು.

ನಾನೂ ಹಾಗೇ ಮಾಡಿದವನೇ. ಕುಮಟಾ-ಹೊನ್ನಾವರ ನಡುವಿನ ನಮ್ಮೂರಿನ ಯುವಕ ಮಂಡಳದಿಂದ ಒಂದು ಸಲ ದೂರದ ಒಂದು ದೊಡ್ಡ ಕಚೇರಿಗೆ ಮನವಿ ಕಳಿಸಿದ್ದೆವು. ತಿಂಗಳುಗಟ್ಟಲೆ ಕಾದ ಮೇಲೆ ಎರಡು ಸಾಲಿನ ಉತ್ತರ ಬಂತು: ಆ ನಿಲ್ದಾಣ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ತಪ್ಪು ಅವರದಲ್ಲ, ನಮ್ಮದೇ. ಹಳಿ ಯಾರದು ಅಂತಲೇ ನೋಡದೆ ಅಂಚೆಗೆ ಹಾಕಿದ್ದೆವು. ಆಮೇಲೆ ಕೂತು ಅಲ್ಲಿ ಇಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಿನವರೂ ಮನವಿ ಬರೆಯಲು ಹೊರಟಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ನೋಡಬೇಕಾದ್ದು: ಹಳಿ ಯಾರದು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ರೈಲ್ವೆ ಇದೆ. ಕ್ಯಾಸಲ್‌ರಾಕ್, ದಾಂಡೇಲಿ ಕಡೆಯದ್ದು ನೈಋತ್ಯ ರೈಲ್ವೆ, ಅಂದರೆ ಹುಬ್ಬಳ್ಳಿಯವರದ್ದು. ಅಸ್ನೋಟಿಯಿಂದ ಶುರುವಾಗಿ ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳದವರೆಗೆ ಇರುವುದು ಕೊಂಕಣ ರೈಲ್ವೆ ನಿಗಮದ್ದು. ನೋಡಲು ಎರಡೂ ಒಂದೇ, ಟಿಕೆಟ್ಟೂ ಒಂದೇ ಆ್ಯಪಿನಲ್ಲಿ ಸಿಗುತ್ತದೆ. ಆದರೆ ದುಡ್ಡಿನ ದಾರಿ ಪೂರ್ತಿ ಬೇರೆ.

ನೈಋತ್ಯ ರೈಲ್ವೆ ಭಾರತೀಯ ರೈಲ್ವೆಯದೇ ಒಂದು ವಲಯ. ಕೇಂದ್ರ ಬಜೆಟ್ಟಿನ ದುಡ್ಡು ಅದಕ್ಕೆ ನೇರವಾಗಿ ಬರುತ್ತದೆ. 2017ರಿಂದ ರೈಲ್ವೆಗೆ ಬೇರೆ ಬಜೆಟ್ ಇಲ್ಲ, ಸಾಮಾನ್ಯ ಬಜೆಟ್ಟಿನಲ್ಲೇ ಸೇರಿದೆ. 2025-26ರಲ್ಲಿ ರೈಲ್ವೆಗೆ 2.52 ಲಕ್ಷ ಕೋಟಿ, ಅದರಲ್ಲಿ ಕರ್ನಾಟಕಕ್ಕೆ 7,564 ಕೋಟಿ ಅಂತ ಪೇಪರಿನಲ್ಲಿ ಬಂತಲ್ವಾ, ಅದರಲ್ಲಿ ಹೆಚ್ಚಿನದು ವಲಯಗಳ ಕಾಮಗಾರಿಯ ಲೆಕ್ಕ. ಅದನ್ನು ಓದಿ "ಕಾರವಾರಕ್ಕೆ ಎಷ್ಟು ಬಂತು" ಅಂತ ಕೇಳಿದರೆ ಯಾರೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಕೊಂಕಣ ರೈಲ್ವೆ ಒಂದು ಕಂಪನಿ. 1990ರಲ್ಲಿ ಹುಟ್ಟಿದ್ದು. ಶುರುವಿನ ಪಾಲು ಹೀಗಿತ್ತು: ಕೇಂದ್ರ ಶೇ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ, ಮಧು ದಂಡವತೆ ಹಣಕಾಸು ಮಂತ್ರಿ, ಇ. ಶ್ರೀಧರನ್ ನಿಗಮದ ಮುಖ್ಯಸ್ಥರು, ಹೀಗೆ ಮೂವರೂ ಒಂದೇ ಹೊತ್ತಿಗೆ ಕೂಡಿಬಂದದ್ದರಿಂದ ಆದ ಕೆಲಸ ಅದು. ಬಜೆಟ್ಟಿನಲ್ಲಿ ಅಷ್ಟು ದುಡ್ಡಿಲ್ಲ ಅಂತ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಸಾಲ ಎತ್ತಿದರು, ಮೂರೂವರೆ ಸಾವಿರ ಕೋಟಿಯ ಆಸುಪಾಸು ಖರ್ಚಾಯಿತು, 1998ರ ಜನವರಿಯಲ್ಲಿ ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರುವರೆಗಿನ ಸುಮಾರು 740 ಕಿಮೀ ದಾರಿ ಪೂರ್ತಿ ತೆರೆಯಿತು. ಆ ಸಾಲ ತೀರಿಸಲಿಕ್ಕೆ ಅಂತ ಟಿಕೆಟ್ ದರದಲ್ಲಿ ಕಿಮೀ ಲೆಕ್ಕವನ್ನೇ ಶೇ 40 ಹಿಗ್ಗಿಸಿದ್ದಾರೆ. ನೂರು ಕಿಮೀ ಹೋದರೆ ನೂರ ನಲವತ್ತರ ದುಡ್ಡು. ಸರಕಿಗೆ ಇನ್ನೂ ಜಾಸ್ತಿ, ಶೇ 50. ಅಂದರೆ ಕರಾವಳಿಯವರು "ನಮಗೆ ಪುಕ್ಕಟೆ ಏನಾದರೂ ಕೊಡಿ" ಅಂತ ಕೇಳುತ್ತಿಲ್ಲ. ಪ್ರತಿ ಟಿಕೆಟ್ಟಿನಲ್ಲೂ ಕೊಟ್ಟೇ ಬಂದವರು. ಮನವಿಯಲ್ಲಿ ಇದೊಂದು ಸಾಲು ಮರೆಯದೆ ಹಾಕಿ.

ಗೇಟು: ಮೇಲ್ಸೇತುವೆಯೋ, ಅಂಡರ್‌ಪಾಸೋ?

ಎಲ್ಲರೂ ಕೇಳುವುದು ಮೇಲ್ಸೇತುವೆ. ಸಿಗುವುದು ಕಷ್ಟ, ಯಾಕೆ ಅಂತ ಹೇಳುತ್ತೇನೆ.

ಗೇಟಿಗೆ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಅಂತ ಒಂದು ಲೆಕ್ಕ ಇದೆ. 24 ತಾಸಿನಲ್ಲಿ ಹೋಗುವ ರೈಲುಗಳನ್ನು ಅದೇ ಹೊತ್ತಿನಲ್ಲಿ ದಾಟುವ ವಾಹನಗಳಿಂದ ಗುಣಿಸುವುದು. ಕಾರು, ಬಸ್ಸು, ಲಾರಿ, ಎತ್ತಿನಗಾಡಿಗೆ ಒಂದೊಂದು. ಆಟೋಗೆ ಅರ್ಧ. ಬೈಕಿಗೆ ಕಾಲು. ಈ ಗುಣಾಕಾರ 1 ಲಕ್ಷ ಮುಟ್ಟಿದರೆ ರೈಲ್ವೆ ಅರ್ಧ, ರಾಜ್ಯ ಅರ್ಧ ಹಾಕಿ ಮೇಲ್ಸೇತುವೆ ಕಟ್ಟುವುದು ಹಳೆಯ ಕಾಲದಿಂದ ಬಂದ ಕ್ರಮ.

ಈಗ ನಮ್ಮಂಥ ಊರಿನ ಗೇಟು ತೆಗೆದುಕೊಳ್ಳಿ. ದಿನಕ್ಕೆ 40 ರೈಲು ಅಂದುಕೊಳ್ಳೋಣ. ಸಾವಿರ ಬೈಕು ದಾಟಿದರೆ 250. ಇನ್ನೂರು ಆಟೋಗೆ 100. ಕಾರು, ಬಸ್ಸು, ಮೀನಿನ ಗಾಡಿ, ಕಲ್ಲಿನ ಲಾರಿ ಎಲ್ಲ ಸೇರಿ 250. ಒಟ್ಟು 600. ನಲವತ್ತರಿಂದ ಗುಣಿಸಿದರೆ 24,000. ಲಕ್ಷ ಎಲ್ಲಿ, ನಾವೆಲ್ಲಿ. ಹೈವೇ ಪಕ್ಕದ ಪೇಟೆಯ ಗೇಟಾದರೆ ಬೇರೆ ಮಾತು, ಹಳ್ಳಿಯ ಗೇಟು ಈ ಲೆಕ್ಕದಲ್ಲಿ ಎಷ್ಟು ಜನ್ಮ ಎತ್ತಿದರೂ ಪಾಸಾಗುವುದಿಲ್ಲ. ಇದು ವಲಯಗಳ ನಿಯಮ, ಆದರೆ ನಿಗಮದವರ ಹತ್ತಿರ ಮಾತು ಶುರುಮಾಡಲಿಕ್ಕೂ ಇದೇ ಲೆಕ್ಕ ಹಿಡಿದು ಹೋಗುವುದು ಒಳ್ಳೆಯದು. ಸುಮ್ನೆ "ತುಂಬಾ ತೊಂದರೆ ಆಗುತ್ತಿದೆ" ಅಂದರೆ ತಲೆ ಅಲ್ಲಾಡಿಸಿ ಕಳಿಸುತ್ತಾರೆ.

ಹಾಗಾದರೆ ಅಂಡರ್‌ಪಾಸ್. ಕಾಂಕ್ರೀಟ್ ಪೆಟ್ಟಿಗೆಗಳನ್ನು ಮೊದಲೇ ಎರಕ ಹೊಯ್ದು, ಕೆಲವು ತಾಸು ರೈಲು ನಿಲ್ಲಿಸಿ, ಹಳಿ ಕೆಳಗೆ ಕೂರಿಸುತ್ತಾರೆ. ಮೇಲ್ಸೇತುವೆಗಿಂತ ಖರ್ಚು ಎಷ್ಟೋ ಕಡಿಮೆ, ಜಾಗವೂ ಕಡಿಮೆ ಸಾಕು. ದೇಶದಲ್ಲಿ ಬ್ರಾಡ್‌ಗೇಜ್ ಮಾರ್ಗದ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ಮುಗಿಸಿದರಲ್ಲ, ಅದರಲ್ಲಿ ಎಷ್ಟೋ ಕಡೆ ಮಾಡಿದ್ದು ಇದನ್ನೇ.

ಆದರೆ ನಮ್ಮ ಮಳೆ ಗೊತ್ತಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಕಡೆ, ಗಜನಿ ಗದ್ದೆಯ (ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮಟ್ಟಕ್ಕಿಂತ ಕೆಳಗೆ ದಾರಿ ತೋಡಿದರೆ ಜೂನ್‌ನಿಂದ ಅದು ದಾರಿ ಅಲ್ಲ, ಹೊಂಡ. ಆಗ ಶಾಲೆ ಮಕ್ಕಳು ಮತ್ತೆ ಹಳಿ ಮೇಲೇ ದಾಟುತ್ತಾರೆ. ಗೇಟು ಇದ್ದಾಗ ಗೇಟ್‌ಮನ್ ಆದರೂ ಇದ್ದ, ಈಗ ಅವನೂ ಇಲ್ಲ. ಎತ್ತರದ ಮಿತಿಯೂ ಇದೆ: ಹುಲ್ಲಿನ ಲಾರಿ, ದೋಣಿ ಹೊತ್ತ ಗಾಡಿ, ಯಕ್ಷಗಾನ ಮೇಳದ ಲಾರಿ ಇವೆಲ್ಲ ಒಳಗೆ ತೂರುವುದಿಲ್ಲ. ತೇರು ಆ ಕಡೆಯಿಂದ ಬರುವ ಊರಾದರಂತೂ ಮೊದಲೇ ಅಳತೆ ಮಾಡಿ.

ಹಾಗಂತ ಬೇಡ ಅನ್ನುತ್ತಿಲ್ಲ. ಕೇಳುವಾಗ ಸರಿಯಾಗಿ ಕೇಳಿ. ನೀರು ತಾನಾಗಿ ಹರಿದು ಹೋಗುವ ಕಾಲುವೆ ಅಂದಾಜು ಪಟ್ಟಿಯಲ್ಲೇ ಇರಬೇಕು, ಪಂಪ್ ಇಡುತ್ತೇವೆ ಅಂದರೆ ಅದರ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಬರೆಸಿಕೊಳ್ಳಿ, ಯಾಕೆಂದರೆ ಗೇಟು ಮುಚ್ಚಲು ಒಪ್ಪಿಗೆ ಕೇಳುವಾಗಲೇ ಆಮೇಲಿನ ರಸ್ತೆ ಮತ್ತು ಚರಂಡಿಯ ನಿರ್ವಹಣೆಯನ್ನು ರಾಜ್ಯ ಅಥವಾ ಸ್ಥಳೀಯ ಸಂಸ್ಥೆಯ ತಲೆಗೆ ಕಟ್ಟುವ ಕಾಗದವೂ ಜೊತೆಗೆ ಬರುತ್ತದೆ, ಪಂಚಾಯ್ತಿಯವರು ಓದದೆ ಠರಾವು ಮಾಡಿಬಿಡುತ್ತಾರೆ.

ಮೂರನೆಯ ದಾರಿ ಒಂದಿದೆ, ಯಾರೂ ಕೇಳುವುದಿಲ್ಲ: ಗೇಟು ಹಾಗೇ ಇರಲಿ, ಸಿಗ್ನಲ್ ಜೊತೆ ಇಂಟರ್‌ಲಾಕ್ ಮಾಡಿ ಅನ್ನುವುದು. ಗೇಟು ಹಾಕದೆ ರೈಲಿಗೆ ಹಸಿರು ಬೀಳುವುದೇ ಇಲ್ಲ. ಕಾಯುವ ಕಿರಿಕಿರಿ ತಪ್ಪುವುದಿಲ್ಲ, ಜೀವ ಉಳಿಯುತ್ತದೆ. ನಿಮ್ಮ ಗೇಟಿನಲ್ಲಿ ಅದು ಈಗಾಗಲೇ ಇದೆಯಾ ಅಂತ ಗೇಟ್‌ಮನ್ ಹತ್ತಿರ ಒಂದು ಮಾತು ಕೇಳಿದರೆ ಮುಗಿಯಿತು.

ಮತ್ತೊಂದು ವಿಷಯ. ರೈಲ್ವೆಗೆ ಹೊರಗಿನವರು ಏನಾದರೂ ಕಟ್ಟಿಕೊಡಿ ಅಂದರೆ "ಡಿಪಾಸಿಟ್ ವರ್ಕ್" ಅನ್ನುತ್ತಾರೆ. ಪೂರ್ತಿ ದುಡ್ಡು ನೀವು ಕಟ್ಟಿ, ಕೆಲಸ ನಾವು ಮಾಡುತ್ತೇವೆ ಅಂತ ಅರ್ಥ. ಉತ್ತರದಲ್ಲಿ ಈ ಶಬ್ದ ಬಂದರೆ ಖುಷಿಪಟ್ಟು ಪಟಾಕಿ ಹೊಡೆಯಬೇಡಿ.

ನಿಲ್ದಾಣದ ಸಣ್ಣ ಕೆಲಸ

ಮಾಡು, ಬೆಂಚು, ಕುಡಿಯುವ ನೀರು, ಕಾಲು ಸೇತುವೆ. ಇದಕ್ಕೆ ಸಂಸದರ ನಿಧಿ ಒಳ್ಳೆಯದು. ವರ್ಷಕ್ಕೆ 5 ಕೋಟಿ, ಸಂಸದರು ಶಿಫಾರಸು ಮಾಡಿದರೆ ಡಿಸಿ ಆಫೀಸಿನಿಂದ ಮುಂದೆ ಹೋಗುತ್ತದೆ. ಆದರೆ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಇವೆ, ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರೂ ಸೇರಿ. ಸಮ ಹಂಚಿದರೆ ಒಂದಕ್ಕೆ 62 ಲಕ್ಷ, ಅದರಲ್ಲಿ ಸಮುದಾಯ ಭವನ, ರಸ್ತೆ, ಶಾಲೆ ಎಲ್ಲ. ಹಾಗಾಗಿ ಕಾಲು ಸೇತುವೆ ಕೇಳಿದರೆ ವರ್ಷಗಟ್ಟಲೆ ಕಾಯಬೇಕು, ಹತ್ತು ಮೀಟರ್ ಮಾಡು ಕೇಳಿದರೆ ಬೇಗ ಆಗಬಹುದು. ಶಾಸಕರ ನಿಧಿ 2 ಕೋಟಿ, ಅದನ್ನು ನಿಲ್ದಾಣದ ಹೊರಗಿನ ರಸ್ತೆಗೆ, ಬೀದಿದೀಪಕ್ಕೆ ಕೇಳುವುದು ಜಾಣತನ. ಕಾರವಾರದ ನಿಲ್ದಾಣ ಶಿರವಾಡದಲ್ಲಿ, ಪೇಟೆಯಿಂದ ದೂರ, ರಾತ್ರಿ ಇಳಿದವರಿಗೆ ಪ್ಲಾಟ್‌ಫಾರ್ಮಿನ ಟೈಲ್ಸಿಗಿಂತ ಹೊರಗಿನ ದಾರಿಯೇ ದೊಡ್ಡ ವಿಷಯ.

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಸಿಎಸ್‌ಆರ್ ದುಡ್ಡು ವೀಲ್‌ಚೇರು, ಶೌಚಾಲಯ ಇಂಥದ್ದಕ್ಕೆ ಆಗುತ್ತದೆ. ಕಟ್ಟುವುದು ಸುಲಭ, ಒಂದು ವರ್ಷದ ಮೇಲೆ ತೊಳೆಯುವವರು ಯಾರು ಅನ್ನುವುದೇ ಪ್ರಶ್ನೆ.

ಸುರಕ್ಷತೆ: ಕವಚವೋ, ಗುಡ್ಡವೋ?

ನನ್ನ ಮಟ್ಟಿಗೆ ಇದೇ ಮುಖ್ಯ, ಸ್ವಲ್ಪ ಉದ್ದ ಆದರೂ ಓದಿ.

ಎಲ್ಲಾದರೂ ರೈಲು ಅಪಘಾತ ಆದರೆ ಎಲ್ಲರ ಬಾಯಲ್ಲಿ ಕವಚ. ಒಳ್ಳೆಯ ವ್ಯವಸ್ಥೆ, ಸಂಶಯ ಇಲ್ಲ. ಕೆಂಪು ಸಿಗ್ನಲ್ ದಾಟಲು ಹೊರಟರೆ ತಾನೇ ಬ್ರೇಕು ಹಾಕುತ್ತದೆ, ಎದುರುಬದುರು ಬಂದರೆ ನಿಲ್ಲಿಸುತ್ತದೆ. ಸರ್ಕಾರವೇ ಹೇಳಿದ ಖರ್ಚು ಹಳಿ ಪಕ್ಕದ ಸಾಮಾನಿಗೆ ಕಿಮೀಗೆ ಸುಮಾರು 50 ಲಕ್ಷ, ಒಂದು ಎಂಜಿನ್‌ಗೆ ಸುಮಾರು 80 ಲಕ್ಷ. ನಮ್ಮ 740 ಕಿಮೀಗೆ ಗುಣಿಸಿದರೆ ಹಳಿಗೇ 370 ಕೋಟಿ. ತಮಾಷೆ ಅಂದರೆ, ರೈಲು ರೈಲು ಢಿಕ್ಕಿ ಆಗದಂತೆ ತಡೆಯುವ ಸಾಧನವನ್ನು ಎಷ್ಟೋ ವರ್ಷದ ಹಿಂದೆಯೇ ತಯಾರು ಮಾಡಲು ಹೊರಟಿದ್ದವರು ಇದೇ ಕೊಂಕಣ ರೈಲ್ವೆಯವರು. ಅದರ ಹೆಸರೂ ರಕ್ಷಾ ಕವಚ ಅಂತಲೇ ಇತ್ತು.

ಆದರೆ ಈ ಮಾರ್ಗದಲ್ಲಿ ಜನ ಸತ್ತದ್ದು ಹೇಗೆ? 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿ ಮೇಲೆ ಬಿದ್ದಿದ್ದ ಬಂಡೆ ಮಣ್ಣಿಗೆ ಬಡಿಯಿತು, ಐವತ್ತಕ್ಕೂ ಹೆಚ್ಚು ಜನ ಹೋದರು. ರಜೆ ಮುಗಿಸಿ ಹೊರಟವರು, ನಮ್ಮ ಕಡೆಯವರೂ ಅದರಲ್ಲಿದ್ದರು. ಒಂದು ವರ್ಷ ತುಂಬುವಷ್ಟರಲ್ಲಿ, 2004ರ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಅಲ್ಲೇ ಮಹಾರಾಷ್ಟ್ರದ ಕರಂಜಾಡಿ ಹತ್ತಿರ ಮತ್ತೆ ಬಂಡೆಯಿಂದಲೇ ಹಳಿ ತಪ್ಪಿತು. ಎರಡರಲ್ಲೂ ಎದುರಿನಿಂದ ಇನ್ನೊಂದು ರೈಲು ಬಂದಿರಲಿಲ್ಲ. ಗುಡ್ಡ ಬಂದಿತ್ತು. ಗುಡ್ಡಕ್ಕೆ ಕವಚ ಹಾಕಿದ ಎಂಜಿನ್ ಯಾವುದು, ಹಾಕದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ಆಮೇಲೆ ನಿಗಮ ಕೆಲಸ ಮಾಡಿದೆ, ಇಲ್ಲ ಅನ್ನಬಾರದು. ಕಡಿದ ಗುಡ್ಡದ ಇಳಿಜಾರು ಕಡಿಮೆ ಮಾಡಿದ್ದು, ಬಂಡೆಗೆ ಬಲೆ ಹಾಕಿದ್ದು, ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ಜೋರು ಮಳೆಯಲ್ಲಿ ಕಣ್ಣಿಗೆ ಕಾಣದಿದ್ದರೆ ಗಂಟೆಗೆ 40 ಕಿಮೀ ವೇಗ, ರಾತ್ರಿ ಹಗಲು ಗಸ್ತು. ಕಾರವಾರ, ಭಟ್ಕಳದಲ್ಲಿ ಮಳೆ ಅಳೆಯುವ ಯಂತ್ರ ಇದೆ, ಶರಾವತಿ ಸೇತುವೆ ಮೇಲೆ ಗಾಳಿ ಅಳೆಯುವುದು ಇದೆ. ಎರಡು ಕಿಮೀ ಉದ್ದದ ಸೇತುವೆ, ಆಷಾಢದ ಗಾಳಿ, ಬೇಕೇ ಬೇಕು. ಮಳೆಯಲ್ಲಿ ಕೊಪ್ಪೆ ಬದಲು ರೇನ್‌ಕೋಟು ಹಾಕಿ ಟಾರ್ಚು ಹಿಡಿದು ಹಳಿ ನೋಡುತ್ತ ನಡೆಯುವವನೇ ಇವತ್ತಿಗೂ ನಮ್ಮ ದೊಡ್ಡ ಸುರಕ್ಷತಾ ಯಂತ್ರ.

ಗುಡ್ಡ ಮೊದಲಿನಂತೆಯೂ ಇಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೈವೇ ಮೇಲೆ ಗುಡ್ಡ ಬಂದದ್ದನ್ನು ನೋಡಿದ್ದೇವೆ. ಅದು ರೈಲ್ವೆ ಅಲ್ಲ, ರಸ್ತೆ. ಆದರೆ ಮಣ್ಣು ಅದೇ, ಮಳೆ ಅದೇ.

ಹಾಗಾಗಿ ಎರಡರಲ್ಲಿ ಒಂದನ್ನೇ ಮೊದಲು ಕೇಳಬೇಕು ಅಂದರೆ ನಾನು ಗುಡ್ಡ ಅನ್ನುತ್ತೇನೆ. ಬಲೆ, ತಡೆಗೋಡೆ, ಗುಡ್ಡದ ತಲೆಯ ಮೇಲಿನ ನೀರಿನ ಕಾಲುವೆ, ಗಸ್ತಿನ ಜನ. ಒಂಟಿ ಹಳಿಯಲ್ಲಿ ಕವಚವೂ ಬೇಕು, ಅದು ಎರಡನೆಯದು. ನಿಮ್ಮೂರಿನ ಹತ್ತಿರ ಕಡಿದ ಗುಡ್ಡದಲ್ಲಿ ಹೊಸ ಬಿರುಕು, ಹೊಸ ಒರತೆ ಕಂಡರೆ ಮೇ ತಿಂಗಳೊಳಗೆ ಫೋಟೋ ತೆಗೆದು ಹತ್ತಿರದ ಸ್ಟೇಷನ್ ಮಾಸ್ತರರಿಗೂ ನಿಗಮದ ಕಾರವಾರ ವಿಭಾಗದ ಕಚೇರಿಗೂ ಕೊಡಿ. ಇದಕ್ಕೆ ಮನವಿ, ನಿಯೋಗ, ಶಾಲು ಹೊದಿಸುವುದು ಏನೂ ಬೇಡ.

ದುಡ್ಡು ಎಲ್ಲಿಂದ ಅಂತ ಕೇಳಿದರೆ ಇಲ್ಲೇ ಗಂಟು ಬೀಳುತ್ತದೆ. ಸುರಕ್ಷತೆಗೆ ಅಂತ ಕೇಂದ್ರ 2017-18ರಲ್ಲಿ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಮಾಡಿತು. ಐದು ವರ್ಷಕ್ಕೆ 1 ಲಕ್ಷ ಕೋಟಿ, ವರ್ಷಕ್ಕೆ 15 ಸಾವಿರ ಕೋಟಿ ಬಜೆಟ್ಟಿನಿಂದ, 5 ಸಾವಿರ ಕೋಟಿ ರೈಲ್ವೆಯ ಸ್ವಂತ ಗಳಿಕೆಯಿಂದ. ಆಮೇಲೆ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ಕೇಳಲಿಕ್ಕೆ ಚಂದ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2022ರ ವರದಿಯಲ್ಲಿ ನೋಡಿದರೆ ರೈಲ್ವೆ ತನ್ನ ಪಾಲಿನ ದುಡ್ಡಿನಲ್ಲಿ ಬಹುಪಾಲು ಹಾಕಿಯೇ ಇಲ್ಲ, ಜೊತೆಗೆ ಈ ನಿಧಿಯಿಂದ ಕಾಲು ಒತ್ತುವ ಮಸಾಜ್ ಯಂತ್ರ, ಪಿಂಗಾಣಿ ಪಾತ್ರೆ, ಜಾಕೆಟ್ಟು ಎಲ್ಲ ಕೊಂಡಿದ್ದಾರೆ. ಏನೇ ಇರಲಿ, ಇದು ಭಾರತೀಯ ರೈಲ್ವೆಯ ವಲಯಗಳಿಗೆ ಮಾಡಿದ ನಿಧಿ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಮಣ್ಣು ಕುಸಿದರೆ ಒಂದು ಕಿಸೆ, ಕಾರವಾರದಲ್ಲಿ ಕುಸಿದರೆ ಬೇರೆ ಕಿಸೆ, ಮತ್ತು ಆ ಎರಡನೆಯ ಕಿಸೆಯಲ್ಲಿ ಟಿಕೆಟ್ಟಿನ ಗಳಿಕೆ ಮತ್ತು ಸಾಲ ಬಿಟ್ಟರೆ ಹೆಚ್ಚೇನಿಲ್ಲ.

ವಿಲೀನ ಆಗಲಿ ಅನ್ನುವುದಾ?

ಅದಕ್ಕೇ ವಿಲೀನದ ಕೂಗು. ನಿಗಮ ತೆಗೆದು ಭಾರತೀಯ ರೈಲ್ವೆಗೆ ಸೇರಿಸಿದರೆ ಬಜೆಟ್ ದುಡ್ಡು ನೇರ ಬರುತ್ತದೆ, ಜೋಡಿ ಹಳಿಗೆ ದಾರಿಯಾಗುತ್ತದೆ. ಈಗ ಜೋಡಿ ಆಗಿರುವುದು ಮಹಾರಾಷ್ಟ್ರದ ರೋಹಾ-ವೀರ್ ನಡುವಿನ 47 ಕಿಮೀ ಮಾತ್ರ, 2021ರಲ್ಲಿ. ನಮ್ಮಲ್ಲಿ "ಕ್ರಾಸಿಂಗ್‌ಗೆ ನಿಲ್ಲಿಸಿದ್ದಾರೆ" ಅಂತ ಮಿರ್ಜಾನದಲ್ಲೋ ಹಾರವಾಡದಲ್ಲೋ ಕಿಟಕಿಯಿಂದ ಹೊರಗೆ ನೋಡುತ್ತ ಕೂರುವುದು ತಪ್ಪಿಲ್ಲ. ಕರ್ನಾಟಕ, ಗೋವಾ, ಕೇರಳ ವಿಲೀನಕ್ಕೆ ಮೊದಲೇ ಒಪ್ಪಿದ್ದವು, 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿತು, ಕೊಂಕಣ ರೈಲ್ವೆ ಅನ್ನುವ ಹೆಸರು ಉಳಿಸಬೇಕು ಅನ್ನುವ ಷರತ್ತು ಹಾಕಿ.

ನಾನು ವಿಲೀನದ ಪರ, ಆದರೆ ಕಣ್ಣು ಮುಚ್ಚಿ ಅಲ್ಲ. ಕಂಪನಿ ಇರುವ ತನಕ ಕಾರವಾರಕ್ಕೆ ಒಂದು ವಿಭಾಗದ ಕಚೇರಿ ಇದೆ, ಜಮೀನು ಕೊಟ್ಟ ಮನೆಯವರಿಗೆ ನೌಕರಿಯಲ್ಲಿ ಆದ್ಯತೆ ಇದೆ. ನಾಳೆ ದಾರಿಯನ್ನು ಮೂರು ವಲಯಕ್ಕೆ ತುಂಡು ಮಾಡಿದರೆ ನಾವು ಯಾವುದೋ ವಲಯದ ಬಾಲದ ತುದಿ. ಮನವಿಯಲ್ಲಿ ವಿಲೀನ ಕೇಳುವವರು ಇನ್ನೆರಡು ಸಾಲು ಸೇರಿಸಿ: ಕಾರವಾರದ ಕಚೇರಿ ಉಳಿಯಬೇಕು, ಶೇ 40ರ ಹಿಗ್ಗಿದ ಲೆಕ್ಕ ಹೋಗಬೇಕು.

ಹೊಸ ಮಾರ್ಗ

ಹುಬ್ಬಳ್ಳಿ-ಅಂಕೋಲಾ 1997-98ರಲ್ಲೇ ಮಂಜೂರಾದದ್ದು, 164 ಕಿಮೀ. ಇದಕ್ಕೆ "ಅನುದಾನ ಬಿಡುಗಡೆ ಮಾಡಿ" ಅಂತ ಬರೆಯುವುದು ದಂಡ. ಅದು ನಿಂತದ್ದು ದುಡ್ಡಿಗೆ ಅಲ್ಲ, ಕಾಡಿಗೆ. ವನ್ಯಜೀವಿ ಮಂಡಳಿ, ಕೋರ್ಟು ಅಂತ ಅಲೆಯುತ್ತಿದೆ. ಪಕ್ಕದ ಕ್ಯಾಸಲ್‌ರಾಕ್-ಕುಲೆಂ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು, ಅಲ್ಲಿ ದುಡ್ಡಿನ ಕೊರತೆ ಯಾರೂ ಹೇಳಿರಲಿಲ್ಲ. ಮಾರ್ಗ ಬೇಕೋ ಬೇಡವೋ ಅಂತ ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಶಿರಸಿಯವರಿಗೆ: ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ಅನ್ನುವ ಬೇಡಿಕೆ ನ್ಯಾಯದ್ದೇ. ಆದರೆ "ಸಮೀಕ್ಷೆ" ಅನ್ನುವ ಶಬ್ದ ಪೇಪರಿನಲ್ಲಿ ಬಂದ ಕೂಡಲೇ ರೈಲು ಬಂತು ಅಂದುಕೊಳ್ಳಬೇಡಿ. ಸಮೀಕ್ಷೆ, ವಿವರ ವರದಿ, ಲಾಭದ ಲೆಕ್ಕ, ಮಂಜೂರಾತಿ, ಜಮೀನು, ಇಷ್ಟು ಮೆಟ್ಟಿಲು ಇದೆ. ಇಲ್ಲಿ ಹಿಡಿಯಬೇಕಾದ ಕಿಸೆ ಬೆಂಗಳೂರಿನದು. ತುಮಕೂರು-ರಾಯದುರ್ಗ, ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಮಾರ್ಗಗಳಿಗೆ ರಾಜ್ಯ ಅರ್ಧ ಖರ್ಚು ಒಪ್ಪಿಕೊಂಡಿತ್ತು, ಮಾತು ಮುಂದೆ ಹೋದದ್ದು ಆಮೇಲೆ. ಶಿರಸಿಗೂ ರಾಜ್ಯ ಹಾಗೆ ಒಪ್ಪಿಕೊಳ್ಳುತ್ತದಾ ಅಂತ ಮೊದಲು ಶಾಸಕರನ್ನು ಕೇಳಿ. ಅಲ್ಲಿಯವರೆಗೆ ತಾಳಗುಪ್ಪ ಮತ್ತು ಕುಮಟಾ ರೈಲಿನ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿ ಅಂತ ವಾಯವ್ಯ ಸಾರಿಗೆಯವರಿಗೆ ಒಂದು ಅರ್ಜಿ ಹಾಕಿ, ದೇವಿಮನೆ ಘಟ್ಟದ ರಸ್ತೆ ಕೃಪೆ ಮಾಡಿದರೆ.

ನಾವು ಆರಿಸಿಕೊಂಡದ್ದು

ಈ ಸಲ ಎರಡು ಪುಟದ ಪಟ್ಟಿ ಬಿಟ್ಟೆವು. ಮೂರು ಬೇರೆ ಬೇರೆ ಕಾಗದ. ಗುಡ್ಡದ ಬಿರುಕಿನ ಫೋಟೋ ನಿಗಮದ ಕಾರವಾರ ಕಚೇರಿಗೆ. ಪ್ಲಾಟ್‌ಫಾರ್ಮಿನ ಮಾಡು ಸಂಸದರ ನಿಧಿಗೆ, ಅಳತೆ ಮತ್ತು ಅಂದಾಜು ಖರ್ಚು ಸಮೇತ. ಗೇಟಿಗೆ ಕಾಲುವೆ ಸಹಿತದ ಅಂಡರ್‌ಪಾಸ್, ಪಂಚಾಯ್ತಿ ಠರಾವಿನ ಜೊತೆ. ವಿಲೀನದ ಬಗ್ಗೆ ಜಗಳ ಮುಗಿದಿಲ್ಲ, ಅದು ಆಮೇಲೆ.

ಗೇಟಿನ ಅಧಿಕೃತ ಎಣಿಕೆ ನಮ್ಮ ಕೈಯಲ್ಲಿಲ್ಲ, ಆದರೂ ನಾವೇ ಒಂದು ಸಲ ಎಣಿಸಿ ನೋಡೋಣ ಅಂತ ಹೊರಟಿದ್ದೇವೆ. ಚೌತಿ ಕಳೆದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಆರಕ್ಕೆ ಶುರು, ಮಂಗಳವಾರ ಆರಕ್ಕೆ ಮುಕ್ತಾಯ. ಚೌತಿಯ ದಿನವೇ ಮಾಡಿದರೆ ಲೆಕ್ಕ ಜಾಸ್ತಿ ಬರುತ್ತದೆ ಅಂತ ಒಬ್ಬರು ಹೇಳಿದರು, ಬೇಡ ಅಂದೆವು. ಹಗಲಿಗೆ ಜನ ಸಿಕ್ಕಿದ್ದಾರೆ. ರಾತ್ರಿ ಪಾಳಿಗೆ ಇನ್ನೂ ಇಬ್ಬರು ಬೇಕು.